ತೊಡೆಯ ಕೊಬ್ಬಿನ ಗಡ್ಡೆಗೆ ಜೀನ್ ಪರೀಕ್ಷೆ ಏಕೆ?

ಪ್ರಶ್ನೆ: ಅಪ್ಪನಿಗೆ 62 ವರ್ಷ. ತೊಡೆಯ ಸ್ನಾಯುವಿನೊಳಗಿದ್ದ 14 ಸೆಂ.ಮೀ. ಗಡ್ಡೆಯನ್ನು ತೆಗೆದಿದ್ದಾರೆ. ‘ಕೊಬ್ಬಿನ ಗಡ್ಡೆ, ಎಂಡಿಎಂ2 ಫಿಶ್ ಪರೀಕ್ಷೆ ಮಾಡಿಸಿ’ ಎಂದು ವರದಿ ಬಂದಿದೆ. ನಿಜವಾಗಿಯೂ ಬೇಕೇ? ಈ ದೋಷ ನಮಗೂ ಬರಬಹುದೇ?

ಉತ್ತರ: ಬೇಕೇ ಬೇಕು. ಇಷ್ಟು ದೊಡ್ಡದಾಗಿ, ಆಳದಲ್ಲಿ ಬೆಳೆದ ಕೊಬ್ಬಿನ ಗಡ್ಡೆ ನಿರಪಾಯದ ಲೈಪೋಮಾ ಇರಬಹುದು, ಕೊಬ್ಬಿನ ಕ್ಯಾನ್ಸರ್ ಆದ ಲೈಪೋಸಾರ್ಕೋಮಾದ ಸೌಮ್ಯ ರೂಪವೂ ಇರಬಹುದು. ಸೂಕ್ಷ್ಮದರ್ಶಕದಲ್ಲಿ ಎರಡೂ ಎಷ್ಟೋ ಸಲ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಇರುವುದು 12ನೇ ವರ್ಣತಂತುವಿನಲ್ಲಿ. ಸಾರ್ಕೋಮಾದಲ್ಲಿ ಅದರ ಉದ್ದ ತೋಳಿನ ಒಂದು ತುಣುಕು ಮತ್ತೆ ಮತ್ತೆ ನಕಲಾಗಿ, ಉಂಗುರದಂಥ ಹೆಚ್ಚುವರಿ ವರ್ಣತಂತು ಹುಟ್ಟುತ್ತದೆ. ಆ ತುಣುಕಿನಲ್ಲಿರುವ ಎಂಡಿಎಂ2 ಜೀನ್, ಜೀವಕೋಶದ ಕಾವಲುಗಾರ ಪಿ53 ಪ್ರೋಟೀನನ್ನು ಅಡಗಿಸುತ್ತದೆ. ಜೊತೆಗಿರುವ ಸಿಡಿಕೆ4 ಜೀನ್ ಕೋಶ ವಿಭಜನೆಗೆ ಒತ್ತಾಸೆ ಕೊಡುತ್ತದೆ. ಲೈಪೋಮಾದಲ್ಲಿ ಪಕ್ಕದ ಎಚ್‌ಎಂಜಿಎ2 ಜೀನ್ ಮುರಿದು ಜಾಗ ಬದಲಿಸಿರಬಹುದು, ಎಂಡಿಎಂ2 ಮಾತ್ರ ಹೀಗೆ ಹೆಚ್ಚಿರುವುದಿಲ್ಲ.

ಫಿಶ್ ಎಂದರೆ ಜೀನ್‌ಗಳಿಗೆ ಹೊಳೆಯುವ ಬಣ್ಣ ಅಂಟಿಸಿ ಎಣಿಸುವ ಪರೀಕ್ಷೆ. ಇದರಲ್ಲಿ ಎಂಡಿಎಂ2 ಒಂದು ಬಣ್ಣದಲ್ಲೂ 12ನೇ ವರ್ಣತಂತುವಿನ ನಡುಭಾಗ ಇನ್ನೊಂದರಲ್ಲೂ ಹೊಳೆಯುತ್ತವೆ. ಎರಡನ್ನೂ ಎಣಿಸಿದಾಗ ನಡುಭಾಗಕ್ಕೆ ಹೋಲಿಸಿದರೆ ಎಂಡಿಎಂ2 ಅನುಪಾತ ಸಾಮಾನ್ಯವಾಗಿ 2 ಅಥವಾ ಹೆಚ್ಚಿದ್ದರೆ ಪಾಸಿಟಿವ್. ಎರಡೂ ಸಮವಾಗಿ ಹೆಚ್ಚಿದ್ದರೆ ಇಡೀ ವರ್ಣತಂತುವೇ ಹೆಚ್ಚಿದೆ ಎಂದರ್ಥ. ಅದು ಪಾಸಿಟಿವ್ ಅಲ್ಲ. ಎಂಡಿಎಂ2 ಪ್ರೋಟೀನಿಗೆ ಬಣ್ಣ ಹಿಡಿಸಿ ನೋಡುವ ಅಗ್ಗದ ಇಮ್ಯುನೋ ಪರೀಕ್ಷೆಯೂ ಇದೆ. ಆದರೆ ಸತ್ತ ಕೊಬ್ಬನ್ನು ತೆರವು ಮಾಡುವ ಕೋಶಗಳೂ ಅದರಲ್ಲಿ ಬಣ್ಣ ಹಿಡಿದು ದಾರಿ ತಪ್ಪಿಸುತ್ತವೆ.

ಪರೀಕ್ಷೆ ಕೆಡುವುದು ಬಹುಪಾಲು, ತೆಗೆದ ಗಡ್ಡೆ ಕೊಳೆಯದಂತೆ ಫಾರ್ಮಲಿನ್ ದ್ರಾವಣದಲ್ಲಿಡುವ ಹಂತದಲ್ಲೇ. ದ್ರಾವಣ ಗಂಟೆಗೆ ಸುಮಾರು 1 ಮಿ.ಮೀ. ಮಾತ್ರ ಒಳಗಿಳಿಯುತ್ತದೆ. ದೊಡ್ಡ ಗಡ್ಡೆಯನ್ನು ಹೋಳು ಮಾಡದೆ ಡಬ್ಬಿಗೆ ಹಾಕಿದರೆ ನಡುಭಾಗ ಕೊಳೆತು ಡಿಎನ್‌ಎ ಹಾಳಾಗುತ್ತದೆ. 10% ಬಫರ್ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಸರಿಯಾದ ಅವಧಿ. ಲ್ಯಾಬಿಗೆ ಬರೀ ಬಣ್ಣ ಹಾಕಿದ ಸ್ಲೈಡ್ ಒಯ್ದರೆ ಸಾಲದು: ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಮತ್ತು ಮೂಲ ವರದಿಯನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ.

ಮಕ್ಕಳ ಬಗ್ಗೆ ಹೆದರಬೇಡಿ. ಈ ಬದಲಾವಣೆ ಗಡ್ಡೆಯ ಕೋಶಗಳಲ್ಲಿ ಮಾತ್ರ ಆಗಿರುತ್ತದೆ, ನಿಮಗೆ ಪರೀಕ್ಷೆ ಬೇಕಿಲ್ಲ. ಮನೆತನದಲ್ಲಿ ಹಲವರಿಗೆ ಎಳೆಯ ವಯಸ್ಸಿನಲ್ಲೇ ಕ್ಯಾನ್ಸರ್ ಬಂದಿದ್ದರೆ ಮಾತು ಬೇರೆ. ಆಗ ಪಿ53 ಪ್ರೋಟೀನ್ ತಯಾರಿಸುವ ಟಿಪಿ53 ಜೀನ್ ಬಗ್ಗೆ ತಜ್ಞರನ್ನು ಕೇಳಿ.

ಪಾಸಿಟಿವ್ ಬಂದರೂ ಎದೆಗುಂದಬೇಡಿ. ತೊಡೆಯಲ್ಲಿನ ಈ ಗಡ್ಡೆ ಈ ಸೌಮ್ಯ ರೂಪದಲ್ಲಿ ಇರುವವರೆಗೆ ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ವರ್ಷಗಳ ನಂತರವೂ ಅದೇ ಜಾಗದಲ್ಲಿ ಮರಳಬಹುದು, ಅಪರೂಪಕ್ಕೆ ಉಗ್ರ ರೂಪಕ್ಕೂ ತಿರುಗಬಹುದು. ಹಾಗಾಗಿ ತಪಾಸಣೆ, ಎಂಆರ್‌ಐ ಎಷ್ಟು ದಿನಕ್ಕೊಮ್ಮೆ ಬೇಕೆಂದು ಸಾರ್ಕೋಮಾ ನೋಡುವ ಶಸ್ತ್ರವೈದ್ಯರಿಂದಲೇ ಬರೆಸಿಕೊಳ್ಳಿ.