ಸಂಜೆಯ ಮಂಡಕ್ಕಿ, ಮಧ್ಯಾಹ್ನದ ಹಸಿವು

ಪ್ರಶ್ನೆ: ನನಗೆ 42 ವರ್ಷ, ಎತ್ತರ 165 ಸೆಂ.ಮೀ., ತೂಕ 84 ಕೆ.ಜಿ. ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ ಇದೆ. ಮೂರು ತಿಂಗಳಿಂದ ಬೆಳಿಗ್ಗೆ ಐದಕ್ಕೆ ಎದ್ದು ಕುಂದವಾಡ ಕೆರೆಯ ಬಳಿ ನಡೆಯುತ್ತಿದ್ದೇನೆ. ಮಧ್ಯಾಹ್ನ ಸೌತೆಕಾಯಿ, ಮಜ್ಜಿಗೆ ಅಷ್ಟೇ. ಆದರೆ ಸಂಜೆ ಅಂಗಡಿಯ ಹುಡುಗರು ಮಂಡಕ್ಕಿ, ಮಿರ್ಚಿ ತಂದರೆ ಕೈ ತಡೆಯುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಮಲಗುವ ಮುನ್ನ ಸಿಹಿ ಬೇಕೆನಿಸುತ್ತದೆ. ಮೂರು ಕೆ.ಜಿ. ಇಳಿದು ನಿಂತಿದೆ. ಮಂಡಕ್ಕಿ, ಬೆಣ್ಣೆ ದೋಸೆ ಎರಡನ್ನೂ ಪೂರ್ತಿ ಬಿಡಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನ್ನೂ ಬಿಡಬೇಕಾಗಿಲ್ಲ, ದಾವಣಗೆರೆಯಲ್ಲಿದ್ದು ಮಂಡಕ್ಕಿ ಬಿಡುತ್ತೇನೆಂದವರ ಶಪಥ ಎಷ್ಟು ದಿನ ಬಾಳುತ್ತದೆಂಬುದು ನನಗೂ ಗೊತ್ತು. ನೀವು ಬಿಡಬೇಕಾದದ್ದು ಮಧ್ಯಾಹ್ನದ ಅರೆಹೊಟ್ಟೆಯನ್ನು. ಸೌತೆಕಾಯಿ ಮತ್ತು ಮಜ್ಜಿಗೆಯ ಮೇಲೆ ನಾಲ್ಕೈದು ಗಂಟೆ ನಿಂತು ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸಿದ ದೇಹವು ಸಂಜೆ ಕೇಳುವುದು ಚಪಲವನ್ನಲ್ಲ, ತಪ್ಪಿಸಿದ ಊಟವನ್ನು. ಎರಡು ಜೋಳದ ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಅಥವಾ ಮಡಿಕೆಕಾಳಿನ ಪಲ್ಯ, ಜೊತೆಗೆ ಅದೇ ಸೌತೆಕಾಯಿ ಮತ್ತು ಮಜ್ಜಿಗೆ ಇಟ್ಟುಕೊಂಡು ಮಧ್ಯಾಹ್ನ ಎರಡರೊಳಗೆ ಊಟ ಮಾಡಿ. ಕಾಳಿನಲ್ಲಿರುವ ಪ್ರೋಟೀನು ಮತ್ತು ನಾರು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿದಂತಿಡುತ್ತವೆ.

ಇನ್ನು ಮಂಡಕ್ಕಿಯ ಮಾತು. ಒಣ ಮಂಡಕ್ಕಿ ಹಗುರವಾದದ್ದರಿಂದ ದೊಡ್ಡ ಬಟ್ಟಲು ತುಂಬ ಹಾಕಿದರೂ 25 ಗ್ರಾಂ ಆಸುಪಾಸು, ಅಂದರೆ ಸುಮಾರು 100 ಕ್ಯಾಲೊರಿ. ಭಾರವಿರುವುದು ಅದರ ಸಂಗಾತಿಗಳಲ್ಲಿ. ಎಣ್ಣೆಯ ಪ್ರತಿ ಗ್ರಾಂನಲ್ಲಿ 9 ಕ್ಯಾಲೊರಿ ಇರುವುದರಿಂದ, ಒಂದು ಮಿರ್ಚಿ 10 ಗ್ರಾಂ ಎಣ್ಣೆ ಹೀರಿಕೊಂಡಿದ್ದರೆ ಎಣ್ಣೆಯೊಂದರಿಂದಲೇ 90 ಕ್ಯಾಲೊರಿ ಬಂತು. ಕಡಲೆಹಿಟ್ಟಿನ ಲೆಕ್ಕ ಬೇರೆ. ಮೂರು ಮಿರ್ಚಿ ತಿಂದರೆ ಬೆಳಗಿನ ನಡಿಗೆಯ ಫಲ ಅಲ್ಲಿಗೇ ಸರಿಹೋಗುತ್ತದೆ. ಗಲ್ಲಾದ ಪಕ್ಕ ಪೇಪರು ಹರಡಿ ನಾಲ್ವರು ಕೈ ಹಾಕುವಾಗ ಕಣ್ಣು ಗಿರಾಕಿಯ ಮೇಲೂ ಕೈ ಪೇಪರಿನ ಮೇಲೂ ಇರುತ್ತದೆ, ಎಷ್ಟು ತಿಂದೆವೆಂಬುದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ನಿಮ್ಮ ಪಾಲನ್ನು ಬೇರೆ ಬಟ್ಟಲಿಗೆ ಹಾಕಿಸಿಕೊಳ್ಳಿ. ಹೆಚ್ಚಿದ ಈರುಳ್ಳಿ, ಟೊಮೆಟೊ, ಒಂದೆರಡು ಚಮಚ ಪುಟಾಣಿ ಸೇರಿಸಿ, ನಿಂಬೆಹಣ್ಣು ಹಿಂಡಿ; ಮಿರ್ಚಿ ವಾರಕ್ಕೆರಡು ದಿನ, ದಿನಕ್ಕೊಂದು ಸಾಕು. ಶೇಂಗಾ ಒಳ್ಳೆಯದೇ, ಆದರೆ 30 ಗ್ರಾಂನ ಒಂದು ಹಿಡಿಯಲ್ಲಿ 170 ಕ್ಯಾಲೊರಿಯಷ್ಟಿರುತ್ತದೆ, ಹಾಗಾಗಿ ಅದನ್ನು ಮಂಡಕ್ಕಿಯ ಬದಲಿಗೆ ತಿನ್ನಿ, ಮೇಲೆ ಅಲ್ಲ.

ಗಿರಾಕಿಗಳ ಜೊತೆ ಕುಡಿಯುವ ಚಹಾದ ಬಗ್ಗೆ ನೀವು ಬರೆದಿಲ್ಲ. ಅಂಗಡಿಯವರು ಸಾಮಾನ್ಯವಾಗಿ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡು ಚಮಚ ಸಕ್ಕರೆಯ ಐದು ಕಪ್ ಎಂದರೆ ಹತ್ತಿರ ಹತ್ತಿರ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಸೇರಿಸಿದ ಸಕ್ಕರೆ ದಿನಕ್ಕೆ 25 ಗ್ರಾಂಗಿಂತ ಕಡಿಮೆಯಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ರಾತ್ರಿಯ ಸಿಹಿಯಾಸೆಗೆ ನಿಮ್ಮ ನಿದ್ದೆಯೂ ಕಾರಣವಿರಬಹುದು. ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳುವವರಿಗೆ ದಕ್ಕುವುದು ಐದೇ ಗಂಟೆ. ನಿದ್ದೆ ಕಡಿಮೆಯಾದರೆ ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚುತ್ತದೆ, ಸಿಹಿ ಮತ್ತು ಕರಿದ ತಿಂಡಿಗಳ ಕಡೆಗೆ ಮನಸ್ಸು ವಾಲುತ್ತದೆ. ನಿದ್ದೆ ಕದ್ದು ಕೆರೆ ಸುತ್ತುವುದು ನನಗೆ ಲಾಭದ ವ್ಯಾಪಾರವಾಗಿ ಕಾಣುವುದಿಲ್ಲ. ಹನ್ನೊಂದರೊಳಗೆ ಮಲಗಿ, ಆರಕ್ಕೆ ಏಳಿ.

ಬೆಣ್ಣೆ ದೋಸೆಯನ್ನು ಹದಿನೈದು ದಿನಕ್ಕೊಮ್ಮೆ, ಬೆಳಗಿನ ಉಪಾಹಾರವಾಗಿಯೇ ತಿನ್ನಿ. ಮೇಲಿನ ಬೆಣ್ಣೆ ಒಂದು ದೊಡ್ಡ ಚಮಚವಿದ್ದರೂ 100 ಕ್ಯಾಲೊರಿ.

ಸಂಜೆ ಹಸಿವಿನ ಜೊತೆಗೆ ಕೈ ನಡುಕ, ಬೆವರು, ಕಣ್ಣು ಕತ್ತಲೆ ಬರುವುದಿದ್ದರೆ, ಅದರಲ್ಲೂ ನೀವು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ, ಅದು ರಕ್ತದ ಸಕ್ಕರೆ ಕುಸಿತವಿರಬಹುದು. ಕೂಡಲೇ ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಊಟದ ಕ್ರಮ ಬದಲಿಸುವ ಮೊದಲು ವೈದ್ಯರಿಗೆ ತೋರಿಸಿ.