ಕೊನೆ ಕೊಯ್ಲಿನ ತಿಂಗಳಲ್ಲಿ ಹಸಿದಿರಬೇಡಿ

ಶಿರಸಿ ತಾಲೂಕಿನ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು:

“ನನಗೆ 44 ವರ್ಷ, ತೂಕ 60 ಕೆಜಿ. ಸಕ್ಕರೆ ಗಡಿಯಲ್ಲಿದೆ, ಈಗಲೇ ಮಾತ್ರೆ ಬೇಡ ಅಂದರು ಡಾಕ್ಟರು. ಸಮತೋಲನದ ಊಟದ ಚೀಟಿ ಕೊಟ್ಟರು. ಬೇಗ ಗುಣ ಕಾಣಲಿ ಎಂದು ನಾನೇ ಇನ್ನಷ್ಟು ಕಡಿಮೆ ಮಾಡಿಕೊಂಡೆ. ಬೆಳಿಗ್ಗೆ ಪಪ್ಪಾಯಿ, ಸೌತೆಕಾಯಿ. ಮಧ್ಯಾಹ್ನ ಎರಡು ಚಪಾತಿ, ಪಲ್ಯ. ಸಂಜೆ ಸಕ್ಕರೆ ಇಲ್ಲದ ಚಹಾ. ರಾತ್ರಿ ತರಕಾರಿ ಸಾರು. ಈಗ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ ಬೇರೆ. ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯಬೇಕು. ಹಸಿವಾದರೆ ಕವಳ (ಎಲೆ-ಅಡಿಕೆ) ಹಾಕಿ ತಡೆದುಕೊಳ್ಳುತ್ತೇನೆ. ಮಕ್ಕಳ ಮೇಲೆ ರೇಗುತ್ತೇನೆ. ಎಲ್ಲರೂ ಮಲಗಿದ ಮೇಲೆ ಅವಲಕ್ಕಿ ಡಬ್ಬ ತೆಗೆದು ತಿಂದು, ಆಮೇಲೆ ಅಳುತ್ತೇನೆ. ಅನ್ನ ಬಿಟ್ಟರೆ ಹೇಗೆ ಅಂತಾರೆ ಅತ್ತೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವ ಮನೆಯವರೂ ನನ್ನ ಜೊತೆ ಇದೇ ಊಟ ಹಿಡಿದಿದ್ದಾರೆ. ಈ ಹಸಿವು ಯಾವಾಗ ನಿಲ್ಲುತ್ತದೆ? ನನಗೆ ಮನಸ್ಸು ಗಟ್ಟಿಯಿಲ್ಲವಾ?”

ಅಕ್ಕಾ, ನಮಸ್ಕಾರ.

ಮೊದಲು ನಿಮ್ಮ ಮನೆಯವರ ವಿಷಯ. ಅದು ತಡ ಮಾಡುವಂಥದ್ದಲ್ಲ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಉದಾಹರಣೆಗೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಊಟ ಕಡಿಮೆಯಾದಾಗಲೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಇನ್ಸುಲಿನ್ ಕೂಡ ಹಾಗೇ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಿಗೆ ಈ ತೊಂದರೆ ಅಪರೂಪ. ಮಾತ್ರೆಯ ಹೆಸರು ನೋಡಿ, ಇವತ್ತೇ ವೈದ್ಯರಿಗೆ ಫೋನ್ ಮಾಡಿ, ಊಟ ಬದಲಾಗಿದೆ ಎಂದು ತಿಳಿಸಿ. ಕೈ ನಡುಗಿ, ಬೆವರು ಬಂದು, ಎದೆ ಹೊಡೆದುಕೊಂಡು, ಮಾತು ತಡವರಿಸಿದರೆ ಅದನ್ನು ಹಸಿವು ಎಂದು ಸಹಿಸಬಾರದು. ಸಕ್ಕರೆ 70ಕ್ಕಿಂತ ಕೆಳಗೆ ಹೋಗಿರಬಹುದು. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ನೋಡಿ. ಸರಿಯಾಗದಿದ್ದರೆ ಇನ್ನೊಮ್ಮೆ ಕೊಡಿ, ಆಸ್ಪತ್ರೆಗೆ ಹೊರಡಿ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ.

ಈಗ ನಿಮ್ಮ ಪ್ರಶ್ನೆ. ಮನಸ್ಸು ಗಟ್ಟಿಯಿಲ್ಲವಾ ಎಂದು ಕೇಳಿದ್ದೀರಿ. ಆ ಸಾಲು ಓದಿ ನನಗೆ ಬೇಜಾರಾಯಿತು. ವರ್ಷದಲ್ಲೇ ಹೆಚ್ಚು ಮೈ ದಣಿಯುವ ತಿಂಗಳಲ್ಲಿ ನೀವು ವರ್ಷದಲ್ಲೇ ಕಡಿಮೆ ಊಟ ಮಾಡುತ್ತಿದ್ದೀರಿ. ಹಸಿವಾಗದೆ ಇನ್ನೇನಾಗಬೇಕು ಹೇಳಿ?

ಅಮೆರಿಕದ ಮಿನ್ನೆಸೋಟದಲ್ಲಿ 1944-45ರಲ್ಲಿ ಒಂದು ಪ್ರಯೋಗ ನಡೆಯಿತು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು, ದಿನಕ್ಕೆ ಸುಮಾರು 1,600 ಕ್ಯಾಲೊರಿ. ಎಲ್ಲರೂ ತಾವಾಗಿ ಮುಂದೆ ಬಂದವರು, ಮನಸ್ಸು ಗಟ್ಟಿಯಿದ್ದವರೇ. ಆದರೂ ದಿನ ಕಳೆದಂತೆ ಅವರಿಗೆ ಊಟದ್ದೇ ಯೋಚನೆಯಾಯಿತು. ಅಡುಗೆ ಪುಸ್ತಕ ಓದತೊಡಗಿದರು. ಸಣ್ಣ ಸಣ್ಣದಕ್ಕೂ ರೇಗಿದರು, ಮಂಕಾದರು. ನೀವು ಬರೆದ ಊಟವನ್ನು ಲೆಕ್ಕ ಹಾಕಿದರೆ ಅಷ್ಟು ಕ್ಯಾಲೊರಿಯೂ ಆಗುವುದಿಲ್ಲ. ಮಕ್ಕಳ ಮೇಲೆ ಬರುವ ಸಿಟ್ಟೂ ರಾತ್ರಿಯ ಅವಲಕ್ಕಿಯೂ ಅಲ್ಲಿಂದಲೇ ಬಂದಿವೆ. ನಿಮ್ಮ ಸ್ವಭಾವದಲ್ಲಿ ಏನೂ ಕೆಟ್ಟಿಲ್ಲ.

ನನ್ನ ಮಾತು ಒಂದೇ. ಅಡಿಕೆ ಸುಲಿದು ಮುಗಿಯುವವರೆಗೆ ಊಟದ ಪ್ರಮಾಣ ಇಳಿಸಬೇಡಿ. ಊಟದಲ್ಲಿ ಏನಿದೆ ಎನ್ನುವುದನ್ನು ಮಾತ್ರ ಬದಲಿಸಿ. ತೂಕ ಇಳಿಸಬೇಕಿದ್ದರೆ ಅದು ಆಮೇಲೆ, ನಿಧಾನಕ್ಕೆ.

ನಿಮ್ಮ ದಿನದ ಊಟದಲ್ಲಿ ಬೇಳೆ ಇಲ್ಲ, ಕಾಳು ಇಲ್ಲ, ಮೊಸರಿಲ್ಲ. ನಮ್ಮ ದೇಶದ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ ನಿಮಗೆ ಸುಮಾರು 50 ಗ್ರಾಂ. ಈಗ ಸಿಗುತ್ತಿರುವುದು ಅದರ ಅರ್ಧಕ್ಕಿಂತ ಕಡಿಮೆ. ಹೊಟ್ಟೆಯನ್ನು ಹೆಚ್ಚು ಹೊತ್ತು ತಡೆದು ಹಿಡಿಯುವುದು ಪ್ರೋಟೀನ್ ಮತ್ತು ನಾರು. ಪಪ್ಪಾಯಿ, ಸೌತೆಕಾಯಿ ಒಳ್ಳೆಯದೇ, ಆದರೆ ತೋಟಕ್ಕೆ ಹೋಗುವವರಿಗೆ ಅದೊಂದೇ ಬೆಳಗಿನ ತಿಂಡಿ ಆಗುವುದಿಲ್ಲ.

ಬೆಳಿಗ್ಗೆ ದೋಸೆಯನ್ನೇ ತಿನ್ನಿ. ಅಕ್ಕಿಯೊಂದರದ್ದೇ ತೆಳ್ಳೇವಿನ ಬದಲು ಹೆಸರುಕಾಳು ನೆನೆಸಿ ರುಬ್ಬಿದ ದೋಸೆ ಮಾಡಿ. ಒಂದು ಹಿಡಿ, ಅಂದರೆ 30 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇದೆ. ಮಧ್ಯಾಹ್ನ ಅನ್ನ ಬೇಕೇ ಬೇಕು ಎನಿಸಿದರೆ ಒಂದು ಸಣ್ಣ ಬಟ್ಟಲು ಅನ್ನ ಇರಲಿ. ಅದಕ್ಕೆ ದಪ್ಪ ತೊವ್ವೆ, ಎರಡು ಸೌಟು ಪಲ್ಯ, ಸೌತೆಕಾಯಿ ಹಶಿ ಅಥವಾ ಒಂದೆಲಗದ ತಂಬುಳಿ. ಹಬ್ಬದ ಬಾಳೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುತ್ತಾರಲ್ಲ, ದಿನವೂ ಹಾಗೇ ಮಾಡಿ. ಅವನ್ನು ಮೊದಲು ತಿಂದು ಕೊನೆಗೆ ಅನ್ನ ಉಂಡರೆ ಊಟದ ನಂತರ ಸಕ್ಕರೆ ಅಷ್ಟು ಎತ್ತರಕ್ಕೆ ಏರುವುದಿಲ್ಲ ಎಂದು ಅಧ್ಯಯನಗಳಲ್ಲಿ ಕಂಡಿದೆ. ಅತ್ತೆಯವರ ಮಾತಿಗೂ ಇದರಲ್ಲಿ ಬೆಲೆ ಸಿಗುತ್ತದೆ. ಅನ್ನ ಪೂರ್ತಿ ಬಿಡುವುದು ಬೇಡ ಎನ್ನುವುದರಲ್ಲಿ ಅವರು ಸರಿಯಾಗಿಯೇ ಇದ್ದಾರೆ. ಮನೆಗೆಲ್ಲ ಒಂದೇ ಅಡುಗೆ ಸಾಕು. ನಿಮ್ಮ ಬಾಳೆಯಲ್ಲಿ ಅನ್ನ ಕಡಿಮೆ, ತೊವ್ವೆ ಜಾಸ್ತಿ, ಅಷ್ಟೇ.

ರಾತ್ರಿ ಬರೀ ಸಾರು ಕುಡಿದು ಅಡಿಕೆ ಮುಂದೆ ಕೂರಬೇಡಿ. ಕುಚ್ಚಲಕ್ಕಿ ಗಂಜಿ ಒಳ್ಳೆಯದು. ಪಕ್ಕದಲ್ಲಿ ಕುಡಿದ ನೀರಿಗಿಂತ ಅಡುಗೆಯೊಳಗೆ ಬೆಂದ ನೀರು ಹೊಟ್ಟೆಯನ್ನು ಹೆಚ್ಚು ಹೊತ್ತು ತುಂಬಿಸಿಡುತ್ತದೆ. ಆದರೆ ತೀರಾ ಕರಗುವಷ್ಟು ಬೇಯಿಸಿದ ಗಂಜಿ ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತದೆ. ಅಗುಳು ಅಗುಳಾಗಿರಲಿ, ಜೊತೆಗೆ ಕಡಲೆ ಅಥವಾ ಅಲಸಂದೆ ಕಾಳಿನ ಪಲ್ಯ ಇರಲೇಬೇಕು. ಕಾರವಾರ, ಅಂಕೋಲಾ ಕಡೆ ಇದನ್ನು ಓದುತ್ತಿರುವವರಿಗೆ ಕೆಲಸ ಇನ್ನೂ ಸುಲಭ. 100 ಗ್ರಾಂ ಬಂಗುಡೆಯಲ್ಲಿ ಸುಮಾರು 19 ಗ್ರಾಂ ಪ್ರೋಟೀನ್ ಇದೆ. ಎಣ್ಣೆಯಲ್ಲಿ ಹುರಿಯುವ ಬದಲು ಸಾರು ಮಾಡಿಕೊಂಡರೆ ಗಂಜಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ.

ಇಷ್ಟು ದಿನ ಕಾಳು ಕಡಿಮೆ ತಿಂದಿದ್ದೀರಿ. ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಚೆನ್ನಾಗಿ ನೆನೆಸಿ, ಮೊಳಕೆ ಬರಿಸಿ, ವಾರಕ್ಕಿಷ್ಟು ಎಂದು ಏರಿಸುತ್ತಾ ಹೋಗಿ.

ಹಸಿವಿನಲ್ಲೂ ಬೇರೆ ಬೇರೆ ಬಗೆ ಇದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಗ್ರೆಲಿನ್ ಎಂಬ ಹಾರ್ಮೋನ್ ಕಂಡುಹಿಡಿದರು. ಇದು ಹೆಚ್ಚಾಗಿ ಹೊಟ್ಟೆಯಲ್ಲಿ ಹುಟ್ಟಿ ಮೆದುಳಿಗೆ ಹಸಿವು ಎಂದು ತಿಳಿಸುತ್ತದೆ. ನಾವು ದಿನಾ ತಿನ್ನುವ ಹೊತ್ತಿಗೆ ಸರಿಯಾಗಿ ಏರುತ್ತದೆ. ಆ ಹೊತ್ತು ದಾಟಿದರೆ, ಏನೂ ತಿನ್ನದಿದ್ದರೂ ತುಸು ಇಳಿಯುತ್ತದೆ. ಸಂಜೆ ನಾಲ್ಕಕ್ಕೆ ಹಾಲು ಸಕ್ಕರೆ ಹಾಕಿದ ಚಹಾ, ಜೊತೆಗೆ ಚಕ್ಕುಲಿ ಅಥವಾ ಹಪ್ಪಳ ತಿಂದು ಅಭ್ಯಾಸವಾದ ಮೈಗೆ ನಾಲ್ಕಕ್ಕೆ ಹಸಿವು ಬಂದೇ ಬರುತ್ತದೆ. ಅದನ್ನು ಬೈದು ಓಡಿಸಬೇಡಿ. ಆ ಹೊತ್ತು ಹಾಗೇ ಇರಲಿ, ತಿನ್ನುವುದು ಬದಲಾಗಲಿ. ಒಂದು ಹಿಡಿ ಬೇಯಿಸಿದ ಶೇಂಗಾ, ಒಂದು ಲೋಟ ಮಜ್ಜಿಗೆ. ಮಧ್ಯಾಹ್ನ ಸರಿಯಾಗಿ ಉಂಡೂ ಐದಕ್ಕೆ ಮತ್ತೆ ಬಾಯಿ ಬೇಡಿದರೆ ಕಾಲು ಗಂಟೆ ಕಾಯಬಹುದು, ಅದು ಹೋಗುತ್ತದೆ. ತಲೆ ಸಿಡಿದು ಕೈಕಾಲು ಸೋತರೆ ಕಾಯಬೇಡಿ, ಊಟ ಮಾಡಿ.

ನಿದ್ರೆಗೂ ಹಸಿವಿಗೂ ನೇರ ನಂಟಿದೆ. 2004ರಲ್ಲಿ ಶಿಕಾಗೊದಲ್ಲಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ, ಹತ್ತು ಗಂಟೆ ಮಲಗಿದ್ದಕ್ಕೆ ಹೋಲಿಸಿದರೆ ಅವರ ಗ್ರೆಲಿನ್ ಶೇ. 28ರಷ್ಟು ಜಾಸ್ತಿಯಾಗಿತ್ತು. ಹನ್ನೊಂದರವರೆಗೆ ಅಡಿಕೆ ಸುಲಿದು ಐದಕ್ಕೆ ಏಳುವ ಹೆಂಗಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ! ಕೊಯ್ಲು ನಿಲ್ಲಿಸಿ ಎಂದು ನಾನು ಹೇಗೆ ಹೇಳಲಿ? ಮಧ್ಯಾಹ್ನ ಉಂಡ ಮೇಲೆ ಅರ್ಧ ಗಂಟೆ ಮಲಗಿ, ಅದು ನಿಮ್ಮ ಹಕ್ಕು. ಬೆಳಗಿನ ಕೆಲಸದಲ್ಲಿ ಒಂದನ್ನಾದರೂ ಮನೆಯ ಇನ್ನೊಬ್ಬರು ಹೊರಲಿ.

ಕವಳದ ಬಗ್ಗೆ ಅಡಿಕೆಯ ಊರಿನಲ್ಲೇ ನಿಂತು ಹೇಳುವುದು ಕಷ್ಟ. ಆದರೂ ಹೇಳಬೇಕು. ಹಸಿವು ತಡೆಯಲು ಕವಳ ಹಾಕಬೇಡಿ. ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ, ತಂಬಾಕು ಸೇರಿಸದಿದ್ದರೂ. ಬೆಳೆ ನಮ್ಮ ಮನೆಯ ಅನ್ನ ಎನ್ನುವುದು ನಿಜ, ಆದರೆ ನಿಮ್ಮ ಬಾಯಿ ನನಗೆ ಅದಕ್ಕಿಂತ ದೊಡ್ಡದು.

ಯಾವಾಗ ನಿಲ್ಲುತ್ತದೆ ಎಂದಿರಿ. ಊಟದಲ್ಲಿ ಏನಿದೆ ಎನ್ನುವುದನ್ನಷ್ಟೇ ಬದಲಿಸಿದರೆ ಬಹಳ ಜನರಿಗೆ ಒಂದೆರಡು ವಾರದಲ್ಲಿ ಒಗ್ಗಿಹೋಗುತ್ತದೆ. ಬೇಗ ಬೇಗ ತೂಕ ಇಳಿಸಿದರೆ ಹಾಗಲ್ಲ. ಮೆಲ್ಬೋರ್ನಿನಲ್ಲಿ ತೀರಾ ಕಡಿಮೆ ಊಟದಿಂದ ತೂಕ ಇಳಿಸಿಕೊಂಡವರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ವರ್ಷ ಕಳೆದರೂ ಅವರ ಹಸಿವಿನ ಹಾರ್ಮೋನುಗಳು ಮೊದಲಿನಂತೆ ಆಗಿರಲಿಲ್ಲ. ನಿಮ್ಮ ಸಕ್ಕರೆ ಇನ್ನೂ ಗಡಿಯಲ್ಲಿದೆ ಅಷ್ಟೇ, ನಿಧಾನಕ್ಕೆ ಹೋಗಲು ಸಮಯವಿದೆ.

ಚೀಟಿ ಕೊಟ್ಟವರ ಹತ್ತಿರ ಇನ್ನೊಮ್ಮೆ ಹೋಗಿ. ಏಳುವ ಹೊತ್ತು, ಮಲಗುವ ಹೊತ್ತು, ತೋಟದಲ್ಲಿ ಎಷ್ಟು ತಾಸು, ಚೀಟಿಯಲ್ಲಿದ್ದ ಏನೇನನ್ನು ನೀವಾಗಿ ಬಿಟ್ಟಿರಿ, ಎಲ್ಲ ಬರೆದುಕೊಂಡು ಹೋಗಿ. ರಾತ್ರಿಯ ಅವಲಕ್ಕಿಯನ್ನೂ ಮುಚ್ಚಿಡಬೇಡಿ, ಸರಿಯಾದ ಚೀಟಿ ಬರೆಯಲು ಅವರಿಗೆ ಅದೇ ಹೆಚ್ಚು ಸಹಾಯಕ್ಕೆ ಬರುತ್ತದೆ. ಮನೆಯವರನ್ನೂ ಕರೆದುಕೊಂಡು ಹೋಗಿ, ಅವರಿಗೆ ಬೇರೆಯೇ ಚೀಟಿ ಬೇಕು.