‘ನಗು’ ಅನ್ನೋದನ್ನು ಮೊದಲು ಬಿಡಿ

ನಾಲ್ಕು ವರ್ಷದ ಮಗಳು ಕ್ಯಾಮೆರಾ ಕಂಡ ಕೂಡಲೇ ಹಲ್ಲು ಕಿರಿದು ನಿಲ್ಲುತ್ತಾಳೆ, ಏನು ಮಾಡೋದು ಅಂತ ಕೇಳಿದ್ದೀರಿ. ‘ನಗು’ ಅಂದರೆ ಬಾಯಿ ಮಾತ್ರ ನಗುತ್ತದೆ. ನಿಜವಾಗಿ ನಕ್ಕಾಗ ಕೆನ್ನೆ ಮೇಲೇರಿ ಕಣ್ಣು ಕಿರಿದಾಗುತ್ತವೆ, ಅದಕ್ಕೆ ಕಾಯಬೇಕು. ಒಮ್ಮೆ ಹುಬ್ಬಳ್ಳಿಯ ಉಣಕಲ್ ಕೆರೆ ಹತ್ತಿರ ಅಣ್ಣನ ಮಗನ ಕೈಗೆ ಗಿರ್ಮಿಟ್ (ಮಸಾಲೆ ಹಾಕಿದ ಚುರುಮುರಿ) ಕೊಟ್ಟು, ನಾನೂ ಅವನ ಎತ್ತರಕ್ಕೆ ನೆಲದ ಮೇಲೆ ಕೂತು, ‘ನಿನ್ನ ಹೆಸರು ಮಿರ್ಚಿ ಅಲ್ಲೇನ?’ ಅಂದೆ. ‘ಏ ಅಲ್ಲೋ ಕಾಕಾ!’ ಅಂತ ಮೂಗಿಗೆ ಚುರುಮುರಿ ಅಂಟಿಸಿಕೊಂಡೇ ನಕ್ಕ. ಚಂದದ ಫೋಟೋ ಸಿಕ್ಕಿದ್ದು ಆ ನಗು ಇಳಿಯುವಾಗ. ಮಕ್ಕಳು ಅಲುಗಾಡಿದರೂ ಮಸುಕಾಗದಂತೆ ಶಟರ್ ವೇಗ 1/500 ಸೆಕೆಂಡ್ ಇಟ್ಟು, ಬರ್ಸ್ಟ್‌ನಲ್ಲಿ, ಅಂದರೆ ಬಟನ್ ಒತ್ತಿ ಹಿಡಿದು ಒಂದರ ಹಿಂದೊಂದು ಫೋಟೋ ಹೊಡೆಯಿರಿ. ಸಂಜೆ ಹೋಗಿ, ಮಧ್ಯಾಹ್ನದ ಬಿಸಿಲಲ್ಲಿ ಮಕ್ಕಳು ಕಣ್ಣೇ ಬಿಡಲ್ಲ. ಅಜ್ಜಿಯನ್ನು ಮಾತ್ರ ಸ್ವಲ್ಪ ದೂರ ಕೂರಿಸಿ, ಇಲ್ಲಾಂದ್ರೆ ‘ನೆಟ್ಟಗ ನಿಂದ್ರವಾ’ ಅಂತಾನೇ ಇರ್ತಾರೆ.